ದೀಪ ಮಿನುಗುತ್ತಿತ್ತು, ನಾನು ಓಡಿಸುತ್ತಿದ್ದೆ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪವಿದೆ. ಕುದುರೆ ಲಾಳದಂಥ ಆಕಾರ, ನಡುವೆ ಒಂದು ಉದ್ಗಾರ ಚಿಹ್ನೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದು ಹತ್ತಬೇಕು. ಕಳೆದ ಜೂನ್‌ನಲ್ಲಿ ಒಂದು ಬೆಳಗ್ಗೆ ಆಫೀಸಿಗೆ ಹೊರಟಾಗ ಅದು ಹತ್ತಿತು. ಒಂದು ನಿಮಿಷ ಮಿನುಗಿ, ಆಮೇಲೆ ಸುಮ್ಮನೆ ಉರಿಯುತ್ತ ನಿಂತಿತು. ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದೆ. ನಾಲ್ಕೂ ಗಾಲಿಯಲ್ಲಿ 33 ಪಿಎಸ್‌ಐ ಸರಿಯಾಗಿಯೇ ಇತ್ತು. ಮರುದಿನವೂ ದೀಪ ಮಿನುಗಿತು, ಉರಿಯಿತು. ಅದರ ಮರುದಿನವೂ.

"ರೀ, ಅದೇನು ಹಳದಿ ದೀಪ?" ಎಂದು ಹೆಂಡತಿ ಕೇಳಿದಳು.

"ಸೆನ್ಸರ್ ಹಾಳಾಗಿದೆ. ಗಾಳಿ ಸರಿ ಇದೆ, ಏನೂ ಆಗಲ್ಲ."

ನಾನು ಹೇಳಿದ್ದು ಅರ್ಧ ನಿಜವಾಗಿತ್ತು. ಸೆನ್ಸರ್ ಹಾಳಾಗಿದ್ದು ಹೌದು. ಏನೂ ಆಗುವುದಿಲ್ಲ ಎನ್ನುವುದು ಮಾತ್ರ ನನ್ನದೇ ಸೇರ್ಪಡೆ. ಸರ್ವಿಸ್ ಸೆಂಟರಿನವರು ಒಂದು ಸೆನ್ಸರಿಗೆ 4,600 ರೂಪಾಯಿ ಹೇಳಿದರು, ಕೂಲಿ ಬೇರೆ. ಏಳು ವರ್ಷದ ಕಾರಿಗೆ ಒಂದು ದೀಪ ಆರಿಸಲು ಅಷ್ಟು ದುಡ್ಡೇ ಎನಿಸಿತು. ನಾಲ್ಕು ತಿಂಗಳು ಹಾಗೇ ಓಡಿಸಿದೆ. ಎರಡನೇ ತಿಂಗಳಿಗೆ ಆ ದೀಪ ನನ್ನ ಕಣ್ಣಿಗೆ ಬೀಳುವುದೇ ನಿಂತಿತ್ತು.

ದಸರೆಗೆ ಧಾರವಾಡಕ್ಕೆ ಹೋಗಿದ್ದೆವು. ಪುಣೆಗೆ ವಾಪಸು ಹೊರಡುವ ದಿನ ಅವ್ವನೂ ನಮ್ಮ ಜೊತೆ ಬರುವುದಿತ್ತು. ಬೆಳಗಿನ ಐದಕ್ಕೆ ಸಾಮಾನು ಇಡುತ್ತಿದ್ದಾಗ ಬೀಳ್ಕೊಡಲು ಬಂದಿದ್ದ ನಮ್ಮ ಸೋದರಮಾವ ಬಗ್ಗಿ ಒಳಗೆ ನೋಡಿದರು. ಮೂವತ್ತು ವರ್ಷ ಸಾರಿಗೆ ಸಂಸ್ಥೆಯ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಹತ್ತುವ ಮೊದಲು ಆರೂ ಗಾಲಿಗೆ ಕಬ್ಬಿಣದ ಸಲಾಕೆಯಿಂದ ಬಡಿದು ಸಪ್ಪಳ ಕೇಳುವುದು ಅವರ ರೂಢಿ.

"ದೀಪ ಹತ್ತೇತಲ್ಲೋ ತಮ್ಮಾ."

"ಅದು ಸುಮ್ನ ಹತ್ತತೈತ್ರಿ ಮಾಮಾ. ಸೆನ್ಸರ್ ಕೆಟ್ಟೇತಿ."

"ಸುಮ್ನ ಹತ್ತೂ ದೀಪ ಎಲ್ಲೈತೋ?" ಎಂದರು. ಕೆಳಗಿಳಿದು ಒಂದೊಂದು ಗಾಲಿಯನ್ನೂ ಕಾಲಿಂದ ಒದ್ದು ನೋಡಿದರು. "ಹೂಂ, ಈಗಂತೂ ಸರಿ ಅದಾವು. ಸಾವಕಾಶ ಹೋಗ್ರಿ."

ಆಗ ನಿಜವಾಗಿಯೂ ಸರಿ ಇದ್ದವು. ಬೆಳಗಾವಿ, ನಿಪ್ಪಾಣಿ, ಕೊಗನೊಳ್ಳಿ ಟೋಲ್ ದಾಟಿ ಮಹಾರಾಷ್ಟ್ರಕ್ಕೆ ಬಂದೆವು. ಕೊಲ್ಹಾಪುರದಿಂದ ಮುಂದೆ ರಸ್ತೆ ಅಗಲೀಕರಣದ ಕೆಲಸ. ಅಲ್ಲಲ್ಲಿ ಡೈವರ್ಷನ್, ಜಲ್ಲಿ, ಕಬ್ಬಿಣದ ಚೂರು. ಅದನ್ನು ದಾಟಿದ ಮೇಲೆ ಗಾಡಿ ಸ್ವಲ್ಪ ಎಡಕ್ಕೆ ಎಳೆದ ಹಾಗೆ ಅನಿಸಿತು. ರಸ್ತೆಯ ಇಳಿಜಾರಿರಬೇಕು ಎಂದುಕೊಂಡೆ. ಹಿಂದೆ ಅವ್ವ, ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮಗಳು. ಸ್ಪೀಡು ನೂರರ ಆಸುಪಾಸು.

ಕರಾಡದ ಹತ್ತಿರ ಚಹಕ್ಕೆ ನಿಲ್ಲಿಸಿದೆ. ಗಾಜು ಒರೆಸಲು ಬಂದ ಹುಡುಗ ಒರೆಸುವುದನ್ನು ಬಿಟ್ಟು ಹಿಂದಿನ ಗಾಲಿ ತೋರಿಸಿದ. "ಸಾಹೇಬ, ಮಾಗಚಾ ಟಾಯರ್ ಬಸಲಾಯ್." ಹಿಂದಿನ ಟೈರು ಕುಂತುಬಿಟ್ಟಿದೆ ಎಂದ. ಹಿಂದಿನ ಎಡಗಾಲಿ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಪಕ್ಕದಲ್ಲೇ ಪಂಕ್ಚರ್ ಅಂಗಡಿಯಿತ್ತು. ಗೇಜು ಹಚ್ಚಿದಾಗ 14 ತೋರಿಸಿತು. ಟೈರು ಬಿಚ್ಚಿ ಒಳಗೆ ಕೈಯಾಡಿಸಿದ ಅಂಗಡಿಯವನು ಅಂಗೈ ತೋರಿಸಿದ. ಕೈತುಂಬ ಮಸಿಯಂಥ ಕರಿ ಪುಡಿ. ಗಾಳಿ ಇಳಿದ ಟೈರು ಓಡುತ್ತಲೇ ಇದ್ದಾಗ ಪಕ್ಕದ ಗೋಡೆ ಮಡಿಚಿ ಮಡಿಚಿ, ಒಳಗಿನ ರಬ್ಬರು ತಾನೇ ತಾನು ಉಜ್ಜಿಕೊಂಡು ಉದುರಿದ ಪುಡಿ ಅದು. ಮೇಲಿಂದ ನೋಡಿದರೆ ಟೈರಿನ ಗೀರುಗಳು ಇನ್ನೂ ಚೆನ್ನಾಗಿಯೇ ಇದ್ದವು. "ಇದಕ್ಕೆ ಪಂಕ್ಚರ್ ಹಾಕಿ ಕೊಡಲ್ಲ, ಎಸೆದುಬಿಡಿ" ಎಂದ. ಇನ್ನು ಅರ್ಧ ತಾಸು ಅದೇ ಸ್ಪೀಡಿನಲ್ಲಿ ಹೋಗಿದ್ದರೆ ಎಂದು ಶುರು ಮಾಡಿ, ಹಿಂದಿನ ಸೀಟಿನಲ್ಲಿದ್ದ ಅವ್ವನನ್ನು ನೋಡಿ ಮಾತು ನುಂಗಿದ.

ಸ್ಟೆಪ್ನಿ ಹಾಕಿಸಿಕೊಂಡು, ಎಪ್ಪತ್ತು ಮೀರದೆ ಪುಣೆ ಸೇರಿದೆವು. ದಾರಿಯುದ್ದಕ್ಕೂ ಆ ಹಳದಿ ದೀಪ ಉರಿಯುತ್ತಲೇ ಇತ್ತು. ಈಗ ಮಾತ್ರ ಕಣ್ಣಿಗೆ ಚುಚ್ಚುವಂತೆ ಕಾಣುತ್ತಿತ್ತು.

ಅಂದು ರಾತ್ರಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಏಳು ವರ್ಷದಿಂದ ಮಲಗಿದ್ದ ಮ್ಯಾನ್ಯುಯಲ್ ತೆಗೆದು ಓದಿದೆ. ಓದಿದ ಮೇಲೆ ತಿಳಿದದ್ದನ್ನು ನಿಮಗೂ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಅನೇಕರ ಕಾರುಗಳಿಗೆ ಈಗ ಸುಮಾರು ಇದೇ ವಯಸ್ಸು.

ದೀಪ ಸುಮ್ಮನೆ ಒಂದೇ ಸಮ ಉರಿದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ ಎಂದರ್ಥ. ಗಾಡಿ ಶುರು ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ಉರಿದರೆ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ. ಎರಡಕ್ಕೂ ದೀಪ ಒಂದೇ. ಇಲ್ಲೇ ಇರುವುದು ಸಮಸ್ಯೆ. ಒಂದು ಸೆನ್ಸರ್ ಸತ್ತು ದೀಪ ಒಮ್ಮೆ ಹತ್ತಿಕೊಂಡಿತೆಂದರೆ, ಉಳಿದ ಮೂರರಲ್ಲಿ ಯಾವುದಾದರೂ ಗಾಳಿ ಇಳಿಯಿತು ಎಂದು ಕೂಗಿದರೂ ತೋರಿಸಲು ಬೇರೆ ದೀಪವಿಲ್ಲ. ಹತ್ತಿದ ದೀಪ ಮತ್ತೆ ಹತ್ತುವುದು ಹೇಗೆ? ಸೆನ್ಸರ್ ಒಂದು ಕೆಟ್ಟಿದೆ, ಮೂರು ಸರಿ ಇವೆ ಎಂದು ನಾನು ಲೆಕ್ಕ ಹಾಕಿದ್ದೆ. ನನ್ನ ಕಾರಿನ ಮಟ್ಟಿಗೆ ಒಂದು ಕೆಟ್ಟರೆ ನಾಲ್ಕೂ ಕೆಟ್ಟ ಹಾಗೆ. ಪ್ರತಿ ಗಾಲಿಯ ಅಂಕಿಯನ್ನು ಬೇರೆ ಬೇರೆಯಾಗಿ ತೋರಿಸುವ ಕಾರುಗಳಲ್ಲಿ ಕೆಟ್ಟ ಗಾಲಿಯ ಜಾಗದಲ್ಲಿ ಗೀಟು ಕಾಣುತ್ತದೆ, ಉಳಿದವು ನೋಡಲು ಸಿಗುತ್ತವೆ. ದೀಪ ಮಾತ್ರ ಇರುವ ಕಾರುಗಳಲ್ಲಿ ಆ ಅನುಕೂಲವಿಲ್ಲ.

ಈ ದೀಪದ ಹಿಂದೆ ಒಂದು ಇತಿಹಾಸವೂ ಇದೆ. 2000ನೇ ಇಸವಿಯ ಆಗಸ್ಟ್‌ನಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡಿತು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು, ಎತ್ತರದ ಎಸ್‌ಯುವಿಗಳು ಮಗುಚಿ ಬಹಳ ಜನ ಸತ್ತಿದ್ದರು. ಅದೇ ವರ್ಷ ಅಲ್ಲಿ ಟ್ರೆಡ್ ಆಕ್ಟ್ ಎಂಬ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಟೈರಿನ ಗಾಳಿ ಕಾಯುವ ಈ ಟಿಪಿಎಂಎಸ್ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ. ನಮ್ಮಲ್ಲಿ 2020ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಟಿಪಿಎಂಎಸ್ ಇರುವ 3.5 ಟನ್ ಒಳಗಿನ ಗಾಡಿಗಳಿಗೆ ಸ್ಟೆಪ್ನಿ ಕೊಡಲೇಬೇಕಿಲ್ಲ ಎಂದಾಯಿತು. ಸ್ಟೆಪ್ನಿ ಇಲ್ಲದ ಕಾರು ನಿಮ್ಮದಾಗಿದ್ದರೆ, ಈ ದೀಪ ಕೆಟ್ಟಾಗ ನೀವು ನನಗಿಂತ ಒಂದು ಹೆಜ್ಜೆ ಹೆಚ್ಚು ಎಚ್ಚರವಿರಬೇಕು.

ಇನ್ನು ಆ ಸೆನ್ಸರ್ ಎಂದರೆ ಏನು? ಗಾಳಿ ತುಂಬುವ ವಾಲ್ವಿನ ಬುಡಕ್ಕೆ, ರಿಮ್ಮಿನ ಒಳಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿ ಕೂತಿರುತ್ತದೆ. ಅದರೊಳಗೆ ಒತ್ತಡ ಅಳೆಯುವ ಚಿಪ್, ಪುಟ್ಟ ರೇಡಿಯೋ, ಒಂದು ಲಿಥಿಯಂ ಸೆಲ್. ಗಾಡಿ ನಿಂತಾಗ ಅದು ನಿದ್ದೆ ಮಾಡುತ್ತದೆ. ಗಾಲಿ ತಿರುಗಿದ್ದು ಗೊತ್ತಾದೊಡನೆ ಎದ್ದು, ಹೆಚ್ಚೂಕಡಿಮೆ ನಿಮಿಷಕ್ಕೊಮ್ಮೆ ತನ್ನ ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆಗಳನ್ನು ಕಾರಿನ ಕಂಪ್ಯೂಟರಿಗೆ ಕಳಿಸುತ್ತದೆ. ಸೆಲ್ ಐದರಿಂದ ಹತ್ತು ವರ್ಷ ಬರುತ್ತದೆ. ನೀರು, ದೂಳು, ಅಲುಗಾಟ ತಡೆಯಲೆಂದು ಡಬ್ಬಿಯೊಳಗೆ ಅಂಟು ತುಂಬಿ ಮುಚ್ಚಿರುತ್ತಾರೆ. ಹಾಗಾಗಿ ಕೈಗಡಿಯಾರದ ಹಾಗೆ ಸೆಲ್ ಮಾತ್ರ ಬದಲಿಸಲು ಬರುವುದಿಲ್ಲ. ಸೆಲ್ ಮುಗಿದರೆ ಇಡೀ ಸೆನ್ಸರ್ ಹೊಸದೇ.

ಎಲ್ಲ ಕಾರುಗಳಲ್ಲೂ ಈ ಡಬ್ಬಿ ಇರುವುದಿಲ್ಲ. ಕೆಲವು ಕಾರುಗಳು ಎಬಿಎಸ್ ಬ್ರೇಕಿಗಾಗಿ ಇರುವ ಸೆನ್ಸರುಗಳಿಂದಲೇ ಲೆಕ್ಕ ಹಾಕುತ್ತವೆ. ಗಾಳಿ ಇಳಿದ ಗಾಲಿಯ ಸುತ್ತಳತೆ ತುಸು ಕಡಿಮೆಯಾಗಿ, ಉಳಿದವಕ್ಕಿಂತ ವೇಗವಾಗಿ ತಿರುಗುತ್ತದೆ. ಅದನ್ನು ಹಿಡಿದು ದೀಪ ಹಚ್ಚುತ್ತವೆ. ಇಂಥ ಕಾರಿನಲ್ಲಿ ಬದಲಿಸಲು ಏನೂ ಇಲ್ಲ. ಗಾಳಿ ಹೊಡೆಸಿದ ಮೇಲೆ ನೆನಪಿಟ್ಟು ರೀಸೆಟ್ ಮಾಡಬೇಕು ಅಷ್ಟೆ. ಆದರೆ ನಾಲ್ಕೂ ಗಾಲಿಯಲ್ಲಿ ಸಮನಾಗಿ ಗಾಳಿ ಇಳಿದರೆ ಇದಕ್ಕೆ ತಿಳಿಯುವುದು ಕಷ್ಟ. ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ಮ್ಯಾನ್ಯುಯಲ್ ನೋಡದೆ ಸೆನ್ಸರ್ ಕೊಳ್ಳಲು ಹೋಗಬೇಡಿ.

ನಾನು ಹೋದೆ. ಕರಾಡದಿಂದ ಬಂದ ರಾತ್ರಿಯೇ ಆನ್‌ಲೈನಿನಲ್ಲಿ 850 ರೂಪಾಯಿಗೆ ಒಂದು ಸೆನ್ಸರ್ ತರಿಸಿದೆ. ನೋಡಲು ಹಳೆಯದರ ಅವಳಿ. ಟೈರಿನ ಅಂಗಡಿಯವರು ತಮ್ಮ ಉಪಕರಣ ಹಿಡಿದು ನೋಡಿ ನಕ್ಕರು. ಅದು 315 ಮೆಗಾಹರ್ಟ್ಸ್‌ನದು, ಅಮೆರಿಕದ ಕಡೆಯ ಗಾಡಿಗಳಿಗೆ ಮಾಡಿದ್ದು. ನನ್ನ ಕಾರು ಕೇಳುವುದು 433. ಧಾರವಾಡ ಆಕಾಶವಾಣಿ ಹಚ್ಚಿಟ್ಟ ರೇಡಿಯೋದಲ್ಲಿ ಪುಣೆಯ ಸ್ಟೇಷನ್ ಕೇಳಲು ಕೂತ ಹಾಗೆ. ಅದು ಎಷ್ಟು ಮಾತಾಡಿದರೂ ಇದಕ್ಕೆ ಕೇಳಿಸುವುದಿಲ್ಲ.

ಅಂಗಡಿಯವರು ಏನನ್ನೂ ಬಿಚ್ಚುವ ಮೊದಲು ಒಂದೊಂದು ಗಾಲಿಯ ವಾಲ್ವಿನ ಹತ್ತಿರ ಆ ಉಪಕರಣ ಹಿಡಿದರು. ಅದು ಮಲಗಿದ ಸೆನ್ಸರನ್ನು ಎಬ್ಬಿಸಿ ಮಾತಾಡಿಸುತ್ತದೆ. ಮುಂದಿನ ಬಲಗಾಲಿ ಓಗೊಡಲಿಲ್ಲ, ಸತ್ತದ್ದು ಅದೇ. ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಎರಡೂ ಮಾತಾಡಿದವು. ಕೊನೆಗೆ ಡಿಕ್ಕಿಯಲ್ಲಿದ್ದ, ಕರಾಡದಲ್ಲಿ ಬಿಚ್ಚಿದ ಗಾಲಿ. ಅದೂ ಮಾತಾಡಿತು. ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆ ಎಲ್ಲ ತೆರೆಯ ಮೇಲೆ ಬಂತು. ಬ್ಯಾಟರಿ ಓಕೆ.

ಅಲ್ಲಿ ನಿಂತಿದ್ದ ನನಗೆ ಕೈಕಾಲು ತಣ್ಣಗಾಯಿತು. ಕೊಲ್ಹಾಪುರ ದಾಟಿದ ಮೇಲೆ ಗಾಳಿ ಇಳಿಯುತ್ತ ಹೋದ ಹಾಗೆ ಆ ಗಾಲಿಯ ಸೆನ್ಸರ್ 28 ಎಂದಿರಬೇಕು, 24 ಎಂದಿರಬೇಕು, 18 ಎಂದಿರಬೇಕು. ನಿಮಿಷ ನಿಮಿಷಕ್ಕೂ ಹೇಳುತ್ತಲೇ ಇತ್ತು. ಮುಂದಿನ ಬಲಗಾಲಿಯ ಸತ್ತ ಸೆಲ್ಲನ್ನು ನಾನು ನಾಲ್ಕು ತಿಂಗಳು ಹಾಗೇ ಬಿಟ್ಟದ್ದಕ್ಕೆ, ಬದುಕಿದ್ದ ಸೆನ್ಸರಿನ ಕೂಗು ನನ್ನವರೆಗೆ ಬರಲಿಲ್ಲ.

ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕೇ, ಒಂದೇ ಸಾಕೇ ಎನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಲೆಕ್ಕ ಹೀಗಿತ್ತು. ನಾಲ್ಕೂ ಒಂದೇ ದಿನ ಹುಟ್ಟಿದವು, ಒಂದೇ ರಸ್ತೆಯಲ್ಲಿ ಓಡಿದವು. ಒಂದರ ಸೆಲ್ ಮುಗಿದಿದೆ ಎಂದರೆ ಉಳಿದವು ಸರದಿಯಲ್ಲಿವೆ. ಪ್ರತಿ ಸಲ ಟೈರು ರಿಮ್ಮಿನಿಂದ ಬಿಡಿಸಿ, ಹಾಕಿ, ಬ್ಯಾಲೆನ್ಸಿಂಗ್ ಮಾಡಿಸಬೇಕು. ಹೇಗೂ ಎರಡು ಹೊಸ ಟೈರು ಹಾಕಿಸುವುದಿತ್ತು, ಏಕೆಂದರೆ ಒಂದೇ ಅಚ್ಚಿನ ಎರಡು ಗಾಲಿಗಳಲ್ಲಿ ಒಂದು ಹೊಸದು, ಒಂದು ಸವೆದದ್ದು ಇರಬಾರದು. ಹಾಗಾಗಿ ನಾಲ್ಕನ್ನೂ ಬದಲಿಸಿದೆ. ಟೈರುಗಳು ಎರಡು ವರ್ಷ ಹಳೆಯವಾಗಿದ್ದು ಸೆನ್ಸರ್ ಮಾತ್ರ ಹೋಗಿದ್ದರೆ ಒಂದೇ ಬದಲಿಸುವುದೂ ತಪ್ಪೇನಲ್ಲ. ಮುಂದೆ ಟೈರು ಬದಲಿಸುವ ಹೊತ್ತಿಗೆ ಉಳಿದವನ್ನು ಬದಲಿಸಿದರಾಯಿತು. ಆದರೆ ಆ ಒಂದನ್ನು ತಡ ಮಾಡಬೇಡಿ.

ಕಂಪನಿಯದೇ ಸೆನ್ಸರ್ ಬೇಕೆಂದಿಲ್ಲ. ಯಾವ ಕಾರಿಗೆ ಬೇಕೋ ಅದರ ಭಾಷೆಯನ್ನು ಒಳಗೆ ತುಂಬಿಸಿಕೊಳ್ಳುವ ಸೆನ್ಸರುಗಳು ಸಿಗುತ್ತವೆ. ಹಳೆಯ ಸೆನ್ಸರಿನ ಗುರುತಿನ ಸಂಖ್ಯೆಯನ್ನೇ ಹೊಸದರಲ್ಲಿ ಬರೆದುಬಿಟ್ಟರೆ ಬದಲಾದದ್ದು ಕಾರಿಗೆ ಗೊತ್ತೇ ಆಗುವುದಿಲ್ಲ. ಬದುಕಿದ್ದ ಮೂರಕ್ಕೆ ಹಾಗೆ ಮಾಡಿದರು. ಸತ್ತದ್ದರ ಸಂಖ್ಯೆ ಸಿಗಲಿಲ್ಲವಾದ್ದರಿಂದ ಅಲ್ಲಿಗೆ ಹೊಸ ಸಂಖ್ಯೆ ಕೊಟ್ಟು, ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿನಿಂದ ಕಾರಿಗೆ ಪರಿಚಯ ಮಾಡಿಸಿದರು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ. ಅಂಗಡಿಗೆ ಹೋಗುವ ಮೊದಲು ಕೇಳಬೇಕಾದದ್ದು ಇದೊಂದೇ ಪ್ರಶ್ನೆ: "ಈ ಕಾರಿನ ಸೆನ್ಸರ್ ಪ್ರೋಗ್ರಾಂ ಮಾಡುವ ಟೂಲ್ ನಿಮ್ಮಲ್ಲಿದೆಯೇ?" ಇಲ್ಲ ಎಂದರೆ ಬೇರೆ ಅಂಗಡಿ ನೋಡಿ.

ಕೆಲಸ ನಡೆಯುವಾಗ ಎದುರು ನಿಂತು ನೋಡಿ. ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸುವ ಯಂತ್ರದ ಅಲಗು ವಾಲ್ವಿನ ಹತ್ತಿರ ಬಂದರೆ ಸೆನ್ಸರ್ ಮುರಿಯುತ್ತದೆ. ಮಾಮೂಲಿ ಟೈರು ಬದಲಾವಣೆಯಲ್ಲೂ ಸೆನ್ಸರ್ ಇದೆ ಎಂದು ಮೊದಲೇ ಹೇಳಬೇಕು. ವಾಲ್ವಿನ ರಬ್ಬರ್ ವಾಷರ್, ನಟ್ಟು, ಒಳಗಿನ ಪಿನ್ನು ಹೊಸದಾಗಿರಲಿ. ಅಲ್ಯೂಮಿನಿಯಂ ವಾಲ್ವಿಗೆ ಮಾಮೂಲಿ ಹಿತ್ತಾಳೆ ಪಿನ್ನು ಹಾಕಿದರೆ ಎರಡು ಲೋಹ ಸೇರಿ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತದೆ. ನಿಕಲ್ ಲೇಪದ್ದೇ ಬೇಕು. ಅಂದಕ್ಕೆಂದು ಲೋಹದ ಕ್ಯಾಪು ಹಾಕಬೇಡಿ, ಪ್ಲಾಸ್ಟಿಕ್‌ನದೇ ಒಳ್ಳೆಯದು. ನಟ್ಟನ್ನು ಕೈ ಅಂದಾಜಿನಲ್ಲಿ ಬಿಗಿಯದೆ ಟಾರ್ಕ್ ಪಾನಾದಿಂದ ಬಿಗಿಯಲಿ. ಪಂಕ್ಚರಿಗೆಂದು ಒಳಗೆ ಸುರಿಯುವ ಅಂಟುದ್ರವ ಸೆನ್ಸರಿನ ತೂತು ಮುಚ್ಚಬಹುದು ಎನ್ನುವುದೂ ನೆನಪಿರಲಿ.

ಖರ್ಚು ಹೇಳಿಬಿಡುತ್ತೇನೆ. ಸೆನ್ಸರಿಗೆ 2,200ರಂತೆ ನಾಲ್ಕಕ್ಕೆ 8,800. ಗಾಲಿಗೆ 350ರಂತೆ ಕೂಲಿ 1,400. ಒಟ್ಟು 10,200. ಎರಡು ಟೈರಿಗೆ 13,600. ಜೂನ್‌ನಲ್ಲಿ ಒಂದೇ ಸೆನ್ಸರ್ ಹಾಕಿಸಿದ್ದರೆ 2,550ಕ್ಕೆ ಮುಗಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಇದ್ದವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಎಲ್ಲ ಮುಗಿದು ದೀಪ ಆರಿದಾಗ ಅಂಗಡಿಯವರು ಬಿಲ್ಲು ಕೊಡಲು ಬಂದರು. ಸ್ವಲ್ಪ ತಡೆಯಿರಿ, ಒಂದು ಟೈರಿನಿಂದ ಗಾಳಿ ತೆಗೆಯಿರಿ ಎಂದೆ. ವಿಚಿತ್ರವಾಗಿ ನೋಡಿದರೂ 22ಕ್ಕೆ ಇಳಿಸಿದರು. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ನಿಧಾನವಾಗಿ ಒಂದೆರಡು ಸುತ್ತು ಹಾಕಿದೆವು. ದೀಪ ಹತ್ತಿತು. ಗಾಳಿ ತುಂಬಿದ ಮೇಲೆ ಆರಿತು. ಆಮೇಲೆ ದುಡ್ಡು ಕೊಟ್ಟೆ. ಆಫೀಸಿನಲ್ಲಿ ನನ್ನ ಕೆಲಸವೇ ಇದು. ಸರ್ವರ್‌ಗಳ ಮೇಲೆ ಕಣ್ಣಿಟ್ಟು ಎಚ್ಚರಿಕೆ ಕಳಿಸುವ ವ್ಯವಸ್ಥೆಯನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. ಸುಳ್ಳು ಎಚ್ಚರಿಕೆ ಬಂದರೆ ಅದೇ ವಾರದಲ್ಲಿ ಸರಿಪಡಿಸಬೇಕು, ಮ್ಯೂಟ್ ಮಾಡಿ ಸುಮ್ಮನಿರಬಾರದು ಎಂಬ ನಿಯಮ ಬರೆದವನೂ ನಾನೇ. ಸುಳ್ಳಿಗೆ ರೂಢಿಯಾದ ಕಿವಿಗೆ ನಿಜವೂ ಕೇಳಿಸುವುದಿಲ್ಲ ಎಂದು ಹೊಸಬರಿಗೆ ಪಾಠ ಮಾಡುತ್ತೇನೆ. ಆ ಪಾಠ ಆಫೀಸಿನ ಗೇಟಿನಿಂದ ಪಾರ್ಕಿಂಗ್‌ವರೆಗೂ ಬಂದಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಗೇಜು ಬಿಡುವ ಹಾಗಿಲ್ಲ. ಅಮೆರಿಕದ ನಿಯಮದ ಪ್ರಕಾರ ಗಾಳಿ ಶೇಕಡಾ 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. 33 ಇರಬೇಕಾದಲ್ಲಿ 25ರ ಹತ್ತಿರ ಬರುವವರೆಗೂ ದೀಪ ಸುಮ್ಮನಿರಬಹುದು ಎಂದಾಯಿತು. ಹದಿನೈದು ದಿನಕ್ಕೊಮ್ಮೆ, ಗಾಡಿ ಓಡಿಸುವ ಮೊದಲು, ತಣ್ಣಗಿದ್ದಾಗ ಗಾಳಿ ನೋಡಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ. ದಿಲ್ಲಿಯಲ್ಲಿರುವವರಿಗೆ ಒಂದು ಮಾತು: 30 ಡಿಗ್ರಿಯಲ್ಲಿ 33 ತುಂಬಿಸಿದ ಟೈರು 10 ಡಿಗ್ರಿಯ ಬೆಳಗ್ಗೆ ಸುಮಾರು 30 ತೋರಿಸುತ್ತದೆ. ಚಳಿಗಾಲದಲ್ಲಿ ದೀಪ ಹತ್ತಿದರೆ ಸೆನ್ಸರನ್ನು ಬಯ್ಯುವ ಮೊದಲು ಗಾಳಿ ನೋಡಿ. ಸ್ಟೆಪ್ನಿಯಲ್ಲೂ ನೋಡಿ. ಬಹಳ ಕಾರುಗಳಲ್ಲಿ ಅದಕ್ಕೆ ಸೆನ್ಸರ್ ಇರುವುದಿಲ್ಲ, ಅದರ ಗಾಳಿ ಕೇಳುವವರು ನಾವೇ.

ಅಂದು ಸಂಜೆ ಮಾಮಾಗೆ ಫೋನ್ ಮಾಡಿದೆ. ಕರಾಡದ ವಿಷಯವನ್ನು ಅವ್ವ ಆಗಲೇ ಅವರಿಗೆ ಮುಟ್ಟಿಸಿದ್ದಳು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ದೀಪ ಆರಿತೇನೋ?"

"ಆರೇತ್ರಿ ಮಾಮಾ. ನಾಲ್ಕೂ ಹೊಸಾವು ಹಾಕಿಸೀನಿ."

"ಛಲೋ ಆತು. ಇನ್ನ ಹತ್ತಿದ್ರ ಗಾಡಿ ಬದಿಗೆ ಹಚ್ಚಿ, ಕೆಳಗ ಇಳದು ನೋಡು" ಎಂದರು. ಸ್ವಲ್ಪ ತಡೆದು, "ಹತ್ತದಿದ್ರೂ ಒಮ್ಮೆ ಇಳದು ನೋಡು" ಎಂದರು.

ಈಗ ಊರಿಗೆ ಹೊರಡುವ ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಗಾಲಿ ಒದ್ದು ನೋಡುತ್ತೇನೆ. ಮಗಳು ನಗುತ್ತಾಳೆ, ನಗಲಿ. ನಿಮ್ಮ ಕಾರಿನಲ್ಲೂ ಅಂಥದೊಂದು ದೀಪ ಬಹಳ ದಿನದಿಂದ ಉರಿಯುತ್ತಿದ್ದರೆ, ಈ ವಾರ ಅಂಗಡಿಗೆ ಹೋಗಿಬನ್ನಿ.